ಪರದೆ ಬಿದ್ದ ಮೇಲಿನ ಕಥೆ

ಮಾನ್ಯರೇ,

ಬನದ ಹುಣ್ಣಿಮೆ ಬಂತೆಂದರೆ ಬಾದಾಮಿ ಪಕ್ಕದ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಟೆಂಟುಗಳು ಏಳುತ್ತವೆ. ರಾತ್ರಿಯಿಡೀ ಆಟ. ಹಾಸ್ಯಪಾತ್ರ ಮಾಡುವ ನನಗೆ ಅಲ್ಲಿ ಸಿಗುವ ಖುಷಿ ಬೇರೆಲ್ಲೂ ಇಲ್ಲ. ಒಂದು ಮಾತಿಗೆ ಜನ ಶಿಳ್ಳೆ ಹೊಡೆದು 'ಒನ್ಸ್ ಮೋರ್' ಎಂದರೆ ಹೊಟ್ಟೆ ತುಂಬಿದಂತೆ. ಕ್ಯಾಮೆರಾ ಹಾಗೆ ನಗುವುದಿಲ್ಲ ಅಲ್ವಾ!

ಪರದೆ ಬಿದ್ದ ಮೇಲಿನ ಕಥೆ ಬೇರೆ. ಹೋದ ವರ್ಷ ಒಂದು ಊರಿನ ಕ್ಯಾಂಪಿನಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡೆವು. ಮುಖ ತೊಳೆಯಲು ಒಂದು ಕೊಡ ನೀರು, ಹತ್ತು ಜನ. ನಟಿಯರ ಪಾಡು ಇನ್ನೂ ಜಾಸ್ತಿ. ರಾತ್ರಿ ಎರಡು ಗಂಟೆಗೆ, ರಾಣಿಯ ಸೀರೆಯಲ್ಲೇ, ಟಾರ್ಚ್ ಹಿಡಿದು ಜಾಲಿಗಿಡಗಳ ಮರೆಗೆ ಹೋಗಬೇಕಾಯಿತು. ಅದೇ ಕ್ಯಾಂಪಿನಲ್ಲಿ ನನಗೆ ಗಂಟಲು ಕಟ್ಟಿತು. ಮೂರು ದಿನ ಪಾತ್ರವಿಲ್ಲ, ಪಗಾರವೂ ಇಲ್ಲ. ಕ್ಯಾಂಪು ಬದಲಾದಂತೆ ಮಕ್ಕಳ ಶಾಲೆಯೂ ಬದಲಾಗುತ್ತದೆ, ಅದಿರಲಿ.

ಸನ್ಮಾನ, ಶಾಲು, ಹಾರ ಸುಮ್ನೆ ಇರಲಿ. ಟೆಂಟ್ ಹಾಕಲು ಜಾಗದ ಬಾಡಿಗೆ ತೆಗೆದುಕೊಳ್ಳುವವರು ಮೊದಲು ಒಂದು ನಲ್ಲಿ, ಚಿಲಕವಿರುವ ಎರಡು ಶೌಚಾಲಯ, ಒಂದು ದೀಪ ಕೊಡಲಿ. ಮುಂದಿನ ಜಾತ್ರೆಗಳಿಗೆ ಇನ್ನೂ ಸಮಯವಿದೆ.

– ಒಬ್ಬ ಕಂಪನಿ ನಟ, ಬಾಗಲಕೋಟೆ ಜಿಲ್ಲೆ