ಸಿಕ್ಕಿಬೀಳುತ್ತೇನೆ ಅಂತ ಬರೆದೆಯಲ್ಲ, ಪುಟ್ಟಿ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ತಿಪಟೂರಿನ ಸುದ್ದಿಯೆಲ್ಲ ನಿಮ್ಮಮ್ಮ ದಿನಾ ಫೋನಿನಲ್ಲಿ ಹೇಳುತ್ತಿರುತ್ತಾಳೆ, ಅದು ಬಿಡು. ನಿನ್ನ ಮೇಲ್ ಓದಿದಾಗಿನಿಂದ ಒಂದೇ ಸಾಲು ನನ್ನನ್ನು ಕೊರೆಯುತ್ತಿದೆ. ಪಿಜಿ ಊಟ, ಟ್ರಾಫಿಕ್ಕು ಎಲ್ಲ ಬರೆದು ಕೊನೆಗೆ ‘ನನಗೆ ಏನೂ ಬರಲ್ಲ ಅಂತ ಒಂದಲ್ಲ ಒಂದು ದಿನ ಎಲ್ಲರಿಗೂ ಗೊತ್ತಾಗಿಬಿಡುತ್ತೆ ದೊಡ್ಡಮ್ಮ, ಸಿಕ್ಕಿಬೀಳ್ತೀನಿ’ ಅಂದಿದ್ದೀಯಲ್ಲ, ಆ ಸಾಲು. ಕಳ್ಳತನ ಮಾಡಿದವರು ಸಿಕ್ಕಿಬೀಳುತ್ತಾರೆ ಕಣೇ. ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳು ತುಂಬದ ಹುಡುಗಿ ಯಾಕೆ ಸಿಕ್ಕಿಬೀಳಬೇಕು?

ನಾನು 1982ರಲ್ಲಿ ಬ್ಯಾಂಕಿಗೆ ಸೇರಿದಾಗ ಬಿ.ಕಾಂ. ಫಸ್ಟ್ ಕ್ಲಾಸ್. ಡೆಬಿಟ್ಟು, ಕ್ರೆಡಿಟ್ಟು ಬಾಯಿಪಾಠ. ಸ್ವಲ್ಪ ದಿನಕ್ಕೇ ಎಸ್‌ಬಿ, ಅಂದರೆ ಉಳಿತಾಯ ಖಾತೆಗಳ ಲೆಡ್ಜರ್ ಬ್ಯಾಲೆನ್ಸಿಂಗ್ ಕೊಟ್ಟರು. ಒಂದೊಂದು ಖಾತೆಯ ಬಾಕಿಯನ್ನೂ ಬರೆದು ಕೂಡಿದರೆ ಬ್ರಾಂಚಿನ ಒಟ್ಟು ಲೆಕ್ಕದ ಪುಸ್ತಕವಾದ ಜನರಲ್ ಲೆಡ್ಜರಿನ ಮೊತ್ತಕ್ಕೆ ತಾಳೆಯಾಗಬೇಕು. ಆಗಲಿಲ್ಲ. 270 ರೂಪಾಯಿ ವ್ಯತ್ಯಾಸ. ಕೂಡಿದೆ, ಮತ್ತೆ ಕೂಡಿದೆ. ಹೊರಗೆ ಕತ್ತಲಾಗುತ್ತಾ ಬಂತು. ಕೇಳಿದರೆ ‘ಬಿ.ಕಾಂ. ಓದಿ ಇಷ್ಟೂ ಬರಲ್ವಾ’ ಅನ್ನುತ್ತಾರೆ ಅಂತ ಬಾಯಿ ಬಿಡಲಿಲ್ಲ. ಕೊನೆಗೆ ಪಕ್ಕದ ಮೇಜಿನ ಹೆಡ್ ಕ್ಲರ್ಕ್ ತಾವಾಗೇ ಎದ್ದು ಬಂದರು. ನನ್ನ ಹಾಳೆ ನೋಡಿ, ‘ಒಂಬತ್ತರಿಂದ ಭಾಗ ಆಗುತ್ತಲ್ಲಮ್ಮ? ಹಾಗಾದರೆ ಮೊದಲು ಅಂಕಿ ಹಿಂದುಮುಂದಾಗಿದೆಯಾ ನೋಡು’ ಅಂದರು. 360 ಇದ್ದ ಕಡೆ 630 ಅಂತ ಬರೆದಿದ್ದೆ. ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ನನಗೆ ಇದನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಕಾಲೇಜಿನಿಂದ ಯಾರೂ ಪೂರ್ತಿ ಸಿದ್ಧವಾಗಿ ಬರುವುದಿಲ್ಲ ಪುಟ್ಟಿ. ಕೆಲಸ ಕೊಡುವವರಿಗೂ ಇದು ಗೊತ್ತು. ಇನ್ಫೋಸಿಸ್‌ನವರು ಮೈಸೂರಿನಲ್ಲಿ ಅಷ್ಟು ದೊಡ್ಡ ತರಬೇತಿ ಕ್ಯಾಂಪಸ್ ಕಟ್ಟಿದ್ದು ಯಾಕೆ? ಇಂಜಿನಿಯರಿಂಗ್ ಮುಗಿಸಿ ಬಂದವರಿಗೂ ತಿಂಗಳುಗಟ್ಟಲೆ ಕಲಿಸಬೇಕಾಗುತ್ತದೆ ಅಂತ ತಾನೆ? ಕೆಲಸದ ಜಾಗದಲ್ಲೇ ಕಲಿಸಲಿ ಅಂತ ಸರ್ಕಾರ 1961ರಲ್ಲೇ ಅಪ್ರೆಂಟಿಸ್ ಕಾಯ್ದೆ ತಂದಿತ್ತು. 1973ರಲ್ಲಿ ಇಂಜಿನಿಯರಿಂಗ್ ಪದವಿ, ಡಿಪ್ಲೊಮಾ ಆದವರನ್ನೂ ಅದಕ್ಕೆ ಸೇರಿಸಿತು. ನಿಮ್ಮ ದೊಡ್ಡಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದಾಗ ಪಕ್ಕದಲ್ಲಿ ನಿಂತು ತೋರಿಸುವವರು ಇದ್ದರು. ನಿನಗೆ ಎರಡು ವಾರ ವಿಡಿಯೋ ತೋರಿಸಿ ಪ್ರಾಜೆಕ್ಟಿಗೆ ಹಾಕಿದರು. ವಾರಕ್ಕೆ ಎರಡು ದಿನ ಆಫೀಸು, ಮಿಕ್ಕ ದಿನ ಪಿಜಿಯ ಮಂಚದ ಮೇಲೆ ಲ್ಯಾಪ್‌ಟಾಪು. ಪಕ್ಕದ ಮೇಜಿನಿಂದ ಎದ್ದು ಬರೋಕೆ ಅಲ್ಲಿ ಯಾರಿದ್ದಾರೆ? ಅದನ್ನೂ ನಿನ್ನದೇ ಕೊರತೆ ಅಂತ ಲೆಕ್ಕ ಹಾಕಿಕೊಂಡಿದ್ದೀಯ. ಅದು ನನಗೆ ಸಂಕಟ.

ಇನ್ನೊಂದು ಮಾತು ಬರೆದಿದ್ದೀಯ. ಎಐ ಬರೆದುಕೊಟ್ಟ ಕೋಡನ್ನು ಹಾಗೇ ಕಳಿಸುತ್ತೇನೆ, ಕೆಲಸ ಮಾಡುತ್ತದೆ, ಯಾಕೆ ಮಾಡುತ್ತದೆ ಅಂತ ನನಗೇ ಗೊತ್ತಿಲ್ಲ ಅಂತ. ಸಿಕ್ಕಿಬೀಳುವ ಭಯ ಜಾಸ್ತಿ ಆಗುತ್ತಿರುವುದು ಇಲ್ಲಿಂದಲೇ ಇರಬೇಕು. ನಮ್ಮಲ್ಲಿ ಮೊದಲು ಎಸ್‌ಬಿ ಬಡ್ಡಿಯನ್ನು ಕೈಯಲ್ಲೇ ಹಾಕುತ್ತಿದ್ದೆವು. ಹತ್ತನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅದಕ್ಕೆ ಬಡ್ಡಿ. ಆಮೇಲೆ ಕಂಪ್ಯೂಟರೇ ಹಾಕತೊಡಗಿತು. 2010ರ ಏಪ್ರಿಲ್‌ನಿಂದ ಪ್ರತಿದಿನ ಖಾತೆಯಲ್ಲಿ ಎಷ್ಟಿದೆಯೋ ಅದಕ್ಕೆ ಬಡ್ಡಿ ಹಾಕುವ ಲೆಕ್ಕವೂ ಬಂತು. ಕೊಬ್ಬರಿ ಮಾರಿ ದುಡ್ಡು ಹಾಕಿದ ರೈತ ಬಂದು ‘ಬಡ್ಡಿ ಇಷ್ಟೇ ಯಾಕೆ ಬಂತು’ ಅಂದರೆ, ಲೆಕ್ಕ ಗೊತ್ತಿದ್ದವರು ಪಾಸ್‌ಬುಕ್ಕಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಗೊತ್ತಿಲ್ಲದವರು ‘ಸಿಸ್ಟಮ್ ಹಾಕಿದೆ’ ಅನ್ನುತ್ತಿದ್ದರು. ಕೋಡು ಕಳಿಸುವ ಮುಂಚೆ ಒಂದೊಂದು ಸಾಲು ಏನು ಮಾಡುತ್ತದೆ ಅಂತ ನಿನಗೆ ನೀನೇ ಕನ್ನಡದಲ್ಲಿ ಹೇಳಿಕೊಂಡು ನೋಡು. ಹೇಳಲು ಆಗದ ಸಾಲಿಗೆ ಗುರುತು ಹಾಕು. ನಿಮ್ಮ ಅವಸರದಲ್ಲಿ ಇದಕ್ಕೆಲ್ಲ ಪುರುಸೊತ್ತು ಸಿಗುವುದು ಕಷ್ಟವೇ. ದಿನಕ್ಕೆ ಒಂದಾದರೂ ನೋಡು.

ಈಗ ಮನೆಯಲ್ಲಿ ಯಾರಿಗೂ ಹೇಳದ ಮಾತು. ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಆಫೀಸರ್ ಪ್ರಮೋಷನ್ ಬಂದಾಗ ಬೇಡ ಅಂತ ಬರೆದುಕೊಟ್ಟೆ. ಅತ್ತೆಗೆ ಹುಷಾರಿಲ್ಲ, ಮಕ್ಕಳು ಚಿಕ್ಕವರು, ಟ್ರಾನ್ಸ್‌ಫರ್ ಆಗುತ್ತದೆ ಅಂತ ಎಲ್ಲರ ಹತ್ತಿರ ಹೇಳಿದೆ. ಅದೂ ನಿಜವೇ. ಆದರೆ ಅಷ್ಟೊತ್ತಿಗೆ ಬ್ರಾಂಚಿಗೆ ಕಂಪ್ಯೂಟರ್ ಬಂದಿತ್ತು. ಹೊಸ ಹುಡುಗರು ಪಟಪಟ ಒತ್ತುತ್ತಿದ್ದರು. ಆಫೀಸರ್ ಕುರ್ಚಿಯಲ್ಲಿ ಕೂತು ಅವರನ್ನು ‘ಇದು ಹೇಗಪ್ಪಾ’ ಅಂತ ಕೇಳಬೇಕಲ್ಲ! ನನಗೆ ಬರಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತಲ್ಲ! ನೀನು ಬರೆದ ಸಾಲೇ, ನೋಡು. ಆ ಭಯಕ್ಕೆ ನಾನು ಉಳಿದ ಸರ್ವೀಸನ್ನೆಲ್ಲ ಕ್ಲರ್ಕ್ ಆಗಿಯೇ ಕಳೆದೆ.

2000-01ರಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ ಯೋಜನೆ ಬಂದಾಗ ದೇಶದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೆಲಸ ಬಿಟ್ಟರು. ಆ ಹೆಡ್ ಕ್ಲರ್ಕ್ ಕೂಡ ಬಿಟ್ಟರು. ಲೆಡ್ಜರಿನ ಮೇಲಿಂದ ಕೆಳಗೆ ಬೆರಳಾಡಿಸಿಕೊಂಡೇ ಮನಸ್ಸಿನಲ್ಲಿ ಕೂಡುತ್ತಿದ್ದ ಮನುಷ್ಯ, ಮೌಸ್ ಹಿಡಿಯೋಕೆ ಹೆದರಿ ಹೋದರು. ಅವರ ಪಕ್ಕ ಕೂತು ತೋರಿಸುವಷ್ಟು ನಾನೂ ಕಲಿತಿರಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಕ್ಕೇ ಹೇಳೋದು, ಈಗಲೇ ಕೇಳು. ಹೊಸಬಳು ಕೇಳಿದರೆ ಜನ ಹೇಳಿಕೊಡುತ್ತಾರೆ. ಮೂರು ವರ್ಷ ಆದಮೇಲೆ ಅದೇ ಪ್ರಶ್ನೆ ಕೇಳೋಕೆ ನಿನಗೇ ಬಾಯಿ ಬರಲ್ಲ. ಮೀಟಿಂಗಿನಲ್ಲಿ ಇಂಗ್ಲಿಷ್ ತಡವರಿಸುತ್ತದೆ ಅಂದೆಯಲ್ಲ, ಬರೆದು ಕೇಳು. ‘ಇಷ್ಟು ಮಾಡಿ ನೋಡಿದೆ, ಇಲ್ಲಿ ನಿಂತಿದೆ’ ಅಂತ ಎರಡು ಸಾಲು ಸಾಕು. ಮ್ಯಾನೇಜರ್ ಒಂದು ಮಾತು ಅನ್ನಬಹುದು. ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ ಮಗಳೇ. ರಾತ್ರಿ ಎರಡು ಗಂಟೆವರೆಗೆ ಒಬ್ಬಳೇ ಗುದ್ದಾಡಬೇಡ, ಅಷ್ಟೇ.

ಕೆಲಸ ಬಿಟ್ಟು ಬಂದುಬಿಡ್ಲಾ ಅಂತಲೂ ಕೇಳಿದ್ದೀಯ. ಬರಬೇಡ ಅನ್ನೋಕೆ ನನಗೆ ಮನಸ್ಸಿಲ್ಲ, ಮನೆ ನಿನ್ನದೇ. ಬೇರೆ ಯಾವ ಕಾರಣಕ್ಕಾದರೂ ಬಾ, ಈ ಒಂದು ಭಯಕ್ಕೆ ಬರಬೇಡ.

ದಾವಣಗೆರೆ ಹುಡುಗಿ ಒಬ್ಬಳು ಊಟಕ್ಕೆ ಜೊತೆಗೆ ಕರೆಯುತ್ತಾಳೆ ಅಂದೆಯಲ್ಲ. ಗುರುವಾರ ನೀನು ಆಫೀಸಿಗೆ ಹೋಗುವ ದಿನ ತಾನೆ? ಗುರುತು ಹಾಕಿದ ಸಾಲುಗಳಲ್ಲಿ ಒಂದನ್ನು ಅವಳಿಗೆ ತೋರಿಸು. ಏನಂದಳು ಅಂತ ರಾತ್ರಿ ನನಗೆ ಫೋನ್ ಮಾಡು. ಪ್ರಮೋಷನ್ ವಿಷಯ ಅಮ್ಮನಿಗೆ ಹೇಳಬೇಡ, ನಾನೇ ಹೇಳುತ್ತೇನೆ.

ನಿನ್ನ
ದೊಡ್ಡಮ್ಮ