ಯಾವ ಪುಟದಲ್ಲಿ ಎದ್ದು ಹೋದರು?

ಪ್ರೀತಿಯ ತಮ್ಮಾ,

ನಿನ್ನ ಕಾಗದವೂ ಬಂತು, ಕಥೆಗಳ ಕಟ್ಟೂ ಬಂತು. ಕಾಗದ ಓದಿ ಸಿಟ್ಟು ಬಂತು. ಕಥೆ ಓದಿದ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು. ಹಾಗಾಗಿ ಈ ಉತ್ತರ.

ಅಕ್ಷರದ ಗಾತ್ರ ಎಷ್ಟಿರಬೇಕು, ಮುಖಪುಟ ಯಾರ ಹತ್ತಿರ ಬರೆಸಬೇಕು, ಯಾವ ಪ್ರಕಾಶಕರಿಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡುವವರು ಊರಿಗೆ ಹತ್ತು ಜನ ಸಿಗುತ್ತಾರೆ, ನನ್ನನ್ನು ಬಿಡು. ಕೊನೆಯ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ‘ಈಗ ಜನ ಏನು ಓದುತ್ತಿದ್ದಾರೆ ಮೇಡಂ? ಅಂಥದ್ದನ್ನೇ ಬರೆಯಲಾ, ಇಲ್ಲಾ ಬರೆಯುವುದನ್ನೇ ಬಿಟ್ಟುಬಿಡಲಾ?’

ಏನು ಓದುತ್ತಿದ್ದಾರೆ ಅಂತ ನೋಡಬೇಕಾದರೆ ಧಾರವಾಡಕ್ಕೆ ಬಾ. ಸಂಜೆ ಸಪ್ತಾಪುರದ ಕಡೆ ಒಂದು ಸುತ್ತು ಹಾಕು. ಕೋಚಿಂಗ್ ಸೆಂಟರು, ಪಿಜಿ, ಜೆರಾಕ್ಸ್ ಅಂಗಡಿ, ಚಹಾದ ಗಾಡಿ. ಎಲ್ಲರ ಕೈಯಲ್ಲೂ ಗೈಡು. ಪಿಎಸ್‌ಐ, ಪಿಡಿಒ, ಕೆಎಎಸ್ ಪರೀಕ್ಷೆಗಳದ್ದು. ಕನ್ನಡದಲ್ಲಿ ಇವತ್ತು ಇವರಷ್ಟು ಹೊತ್ತು ಕೂತು ಓದುವವರು ಇನ್ನೊಬ್ಬರಿಲ್ಲ. ನಾವು ಆಸ್ತಿ ತೆರಿಗೆಯ ಜೊತೆಗೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವಲ್ಲ, ಆ ದುಡ್ಡಿನಲ್ಲಿ ನಡೆಯುವ ಗ್ರಂಥಾಲಯಗಳ ಕುರ್ಚಿ ಹಿಡಿದವರೂ ಇವರೇ. ನಮ್ಮ ಸಾಹಿತಿಗಳು ಮಾತ್ರ ಇವರನ್ನು ಓದುಗರ ಲೆಕ್ಕಕ್ಕೇ ಸೇರಿಸುವುದಿಲ್ಲ. ‘ಯುವಕರು ಓದುತ್ತಿಲ್ಲ’ ಅಂತ ಭಾಷಣ ಮಾಡಿ, ಇವರ ಪಕ್ಕದಲ್ಲೇ ಹಾದು ಕಾರು ಹತ್ತುತ್ತಾರೆ.

ಪುಸ್ತಕದಂಗಡಿಯ ಕಥೆ ಬೇರೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು. ಸಣ್ಣಕಥೆಗಳ ಪುಸ್ತಕಕ್ಕೆ ಆ ಬಹುಮಾನ ಸಿಕ್ಕಿದ್ದೇ ಮೊದಲ ಸಲ. ಅಲ್ಲಿಯವರೆಗೆ ಅವರ ಹೆಸರು ಕೇಳದವರೂ ಬಂದು ಪುಸ್ತಕ ಇದೆಯಾ ಅಂತ ಕೇಳಿದರು. ಅದೇ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡರು. ನಮ್ಮೂರಿನ ಅಂಗಡಿಯಲ್ಲಿ ‘ಪರ್ವ’, ‘ವಂಶವೃಕ್ಷ’ ಮತ್ತೆ ಮುಂದಿನ ಮೇಜಿಗೆ ಬಂದವು. ತೇಜಸ್ವಿ ಹೋಗಿದ್ದು 2007ರಲ್ಲಿ, ಆದರೆ ಗಲ್ಲಾದ ಪಕ್ಕದ ಜಾಗವನ್ನು ಇನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಇಷ್ಟೇ ಪಟ್ಟಿ. ಇದರಿಂದ ನಿನಗೇನು ಸಿಕ್ಕಿತು ಹೇಳು? ಬೂಕರ್ ಗೆದ್ದ ಪುಸ್ತಕದಲ್ಲಿ 1990ರಷ್ಟು ಹಿಂದಿನ ಕಥೆಯೂ ಇದೆ. ಮುಸ್ಲಿಂ ಹೆಂಗಸರ ಕಥೆ ಬರಿಯಮ್ಮಾ, ಚೆನ್ನಾಗಿ ಓಡುತ್ತೆ ಅಂತ ಅವತ್ತು ಹಾಸನದಲ್ಲಿ ಯಾರಾದರೂ ಅವರಿಗೆ ಹೇಳಿರುತ್ತಾರಾ? ಈಗ ಓಡುತ್ತಿರುವುದರ ಬೆನ್ನು ಹತ್ತಿದರೆ ನೀನು ಬರೆದು ಮುಗಿಸುವಷ್ಟರಲ್ಲಿ ಆ ಮೇಜಿನ ಮೇಲೆ ಬೇರೆ ಪುಸ್ತಕ ಇರುತ್ತದೆ.

ನೀನು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ. ಓದುವಾಗ ಅವರಿಗೆ ಏನಾಗುತ್ತದೆ? ನನಗೆ ಇದೊಂದು ಹುಚ್ಚು. ಮನೆಯವರೆಲ್ಲ ನಗುತ್ತಾರೆ, ನಗಲಿ.

ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಇದ್ದಾರೆ. ಬಾನು ಅವರ ಪುಸ್ತಕ ತರಿಸಿದ್ದರು. ‘ಹೇಗಿದೆ’ ಅಂತ ನಾನು ಕೇಳಲಿಲ್ಲ. ಹಾಗೆ ಕೇಳಿದರೆ ‘ಚೆನ್ನಾಗಿದೆ’ ಅನ್ನುತ್ತಾರೆ, ಅಲ್ಲಿಗೆ ಮಾತು ಸತ್ತಿತು. ‘ಎಲ್ಲಿ ನಿಲ್ಲಿಸಿದಿರಿ’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ‘ಎದೆಯ ಹಣತೆ’ ಕಥೆಯಲ್ಲಿ ತಾಯಿ ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುವಲ್ಲಿ ಪುಸ್ತಕ ಮಡಚಿಟ್ಟರಂತೆ. ಹೊರಗೆ ಹೋಗಿ ಒಣಗಿದ ಬಟ್ಟೆ ತೆಗೆದರಂತೆ. ಮಗಳು ಬಂದು ತಡೆಯುತ್ತಾಳೆ ಅಂತ ಗೊತ್ತಾಗಿದ್ದು ಮರುದಿನ. ‘ರಾತ್ರಿಯೆಲ್ಲ ಆ ಹೆಂಗಸು ಕಡ್ಡಿ ಗೀರಿದಳಾ ಇಲ್ಲವಾ ಅಂತಲೇ ಇತ್ತು ನೋಡ್ರಿ’ ಅಂದರು. ಪುಸ್ತಕ ಇಷ್ಟವಾಯಿತಾ ಅಂದರೆ, ‘ಇಷ್ಟ ಅಂತ ಹೇಗೆ ಹೇಳಲಿ, ಸಂಕಟ ಆಯಿತು’ ಎಂದರು. ಇಂಥ ಮಾತು ಯಾವ ವಿಮರ್ಶೆಯಲ್ಲಿ ಸಿಗುತ್ತದೆ?

ಇನ್ನೊಬ್ಬ ಹುಡುಗ, ಪಿಎಸ್‌ಐ ಪರೀಕ್ಷೆಗೆ ಓದುವವನು. ನಮ್ಮ ಮನೆಯ ಮೇಲೆ ಬಾಡಿಗೆಗಿದ್ದ. ನನ್ನ ಕಪಾಟಿನಿಂದ ತೇಜಸ್ವಿಯವರ ‘ಕರ್ವಾಲೊ’ ಒಯ್ದ. ವಾಪಸ್ ಕೊಡುವಾಗ ಹಾರುವ ಓತಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ‘ಮಂದಣ್ಣ ಪರೀಕ್ಷೆ ಬರೆದಿದ್ದರೆ ಫೇಲ್ ಆಗುತ್ತಿದ್ದ ಅಲ್ವಾ ಆಂಟಿ?’ ಅಂದ. ಕಾದಂಬರಿಯ ಆ ಮಂದಣ್ಣ ಕಾಡಿನ ಬಗ್ಗೆ ಅಷ್ಟೆಲ್ಲ ತಿಳಿದವನು, ಯಾವ ಕಾಗದದಲ್ಲೂ ಪಾಸಾಗದವನು. ಪುಸ್ತಕ ಬಂದಿದ್ದು 1980ರಲ್ಲಿ. ಆ ಹುಡುಗ ಹುಟ್ಟಿರಲೇ ಇಲ್ಲ. ಆದರೂ ಅದು ಅವನ ಪುಸ್ತಕವಾಯಿತು. ‘ನಾನು ಇಡೀ ದಿನ ಓದುತ್ತೇನೆ, ನನಗೆ ಏನೂ ತಿಳಿದಿಲ್ಲ ಅನಿಸಿತು’ ಎಂದೂ ಹೇಳಿದ. ಆಮೇಲೆ ಮೇಲೆ ಹೋಗಿ ಮತ್ತೆ ಗೈಡು ಹಿಡಿದ, ಪಾಪ.

ನೀನು ಫೇಸ್‌ಬುಕ್ಕಿನ ಕಾಮೆಂಟುಗಳನ್ನು ಪ್ರಿಂಟ್ ತೆಗೆಸಿ ಕಾಗದದ ಜೊತೆ ಕಳಿಸಿದ್ದೀಯ. ಯಾಕೋ ಮಾರಾಯ? ‘ಒಂದೇ ಉಸಿರಿಗೆ ಓದಿದೆ’, ‘ಕೆಳಗಿಡಲು ಮನಸ್ಸಾಗಲಿಲ್ಲ’, ‘ಅದ್ಭುತ’. ಒಂದೇ ಉಸಿರಿಗೆ ಓದುವವರು ಯಾರಪ್ಪ? ಕುಕ್ಕರ್ ಕೂಗುತ್ತದೆ. ಫೋನ್ ಬರುತ್ತದೆ. ಬಸ್ಸು ಬರುತ್ತದೆ. ಓದುಗರು ನಿಲ್ಲಿಸಿ ನಿಲ್ಲಿಸಿಯೇ ಓದುತ್ತಾರೆ. ಎಲ್ಲಿ ನಿಲ್ಲಿಸಿದರು, ತಿರುಗಿ ಬಂದರಾ ಇಲ್ಲವಾ, ಅಷ್ಟೇ ವಿಷಯ. ಹೊಗಳಿಕೆ ಕೇಳಿ ಖುಷಿಪಡಬೇಡ ಅಂತಲ್ಲ. ನನಗೂ ಖುಷಿಯೇ. ಆದರೆ ಅದು ನಿನ್ನ ಕಥೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೇಳಿದವರು ಒಳ್ಳೆಯವರು ಅಂತ ಗೊತ್ತಾಗುತ್ತದೆ, ಅಷ್ಟೇ.

ಹಿಂದೆ ಊರೂರಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ದವು. ನಾಲ್ಕಾಣೆ ಎಂಟಾಣೆ ಕೊಟ್ಟು ಕಾದಂಬರಿ ಒಯ್ಯುವುದು. ತ್ರಿವೇಣಿಯವರ ‘ಶರಪಂಜರ’ದ ಪ್ರತಿ ಅಲ್ಲಿ ಒಂದು ದಿನವೂ ಕಪಾಟಿನಲ್ಲಿ ಇರುತ್ತಿರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನ ಬರಹ. ‘ಪಾಪ ಕಾವೇರಿ’. ‘ಇವನಿಗೆ ನಾಚಿಕೆ ಇಲ್ಲ’. ಅದರ ಕೆಳಗೆ ಇನ್ನೊಂದು ಕೈಬರಹ, ‘ನಮ್ಮ ಮನೆಯಲ್ಲೂ ಹೀಗೇ’. ಹೆಸರಿಲ್ಲ, ವಿಳಾಸವಿಲ್ಲ. ಯಾರನ್ನೂ ಮೆಚ್ಚಿಸಲು ಬರೆದಿದ್ದಲ್ಲ. ತ್ರಿವೇಣಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ಹೋಗಿಬಿಟ್ಟರು. ಆ ಅಂಚುಗಳನ್ನು ಅವರು ನೋಡಿರಲಿಕ್ಕಿಲ್ಲ. ಆಗಿನ ದೊಡ್ಡವರು ಹೆಂಗಸರು ಬರೆದಿದ್ದನ್ನು ‘ಅಡುಗೆಮನೆ ಸಾಹಿತ್ಯ’ ಅಂತ ಕರೆದು ಕೈತೊಳೆದುಕೊಂಡರು.

ಆ ಮಾತು ನನಗೂ ಬಿದ್ದಿದೆ. ನನ್ನ ಮೊದಲ ಪುಸ್ತಕದ ಬಿಡುಗಡೆಗೆ ಬಂದ ಅತಿಥಿಯೊಬ್ಬರು ಮುಕ್ಕಾಲು ಗಂಟೆ ಮಾತಾಡಿದರು. ಅದರಲ್ಲಿ ನನ್ನ ಕಥೆಯ ಒಂದು ಪಾತ್ರದ ಹೆಸರೂ ಬರಲಿಲ್ಲ. ಕೊನೆಗೆ ‘ಗೃಹಿಣಿಯರು ಬಿಡುವಿನಲ್ಲಿ ಹೀಗೆ ಬರೆಯುವುದು ಸಂತೋಷ’ ಎಂದು ಶಾಲು ಹೊದಿಸಿಕೊಂಡು ಹೋದರು. ಪುಸ್ತಕದ ಪುಟಗಳನ್ನು ಬಿಡಿಸಿಯೂ ಇರಲಿಲ್ಲ. ಆಗ ಕೆಲವು ಪುಸ್ತಕಗಳ ಪುಟಗಳನ್ನು ನಾವೇ ಕತ್ತರಿಸಿಕೊಂಡು ಓದಬೇಕಿತ್ತು, ಹಾಗಾಗಿ ಗೊತ್ತಾಯಿತು. ಈ ಸಿಟ್ಟು ಇನ್ನೂ ಹೋಗಿಲ್ಲ. ಹೋಗುವುದೂ ಬೇಡ.

ಈಗ ನಿನ್ನ ಕಥೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತಂದ ಅಪ್ಪನ ಕಥೆ ಇದೆಯಲ್ಲ, ಅದನ್ನು ಸೀನುತ್ತಲೇ ಓದಿದೆ. ನಿಜವಾಗಿ. ಚೀಲ ಬಿಚ್ಚಿದಾಗ ಎಲ್ಲರೂ ಸೀನುವುದು, ಅಪ್ಪ ಮಾತ್ರ ಸೀನದೇ ದಲಾಲರ ಮುಖ ನೋಡುತ್ತಾ ನಿಲ್ಲುವುದು. ಇದನ್ನು ನೋಡದವನು ಬರೆಯಲಾರ. ಆಮೇಲೆ ನಾಲ್ಕನೇ ಪುಟದಲ್ಲಿ ಅಪ್ಪ ಇದ್ದಕ್ಕಿದ್ದಂತೆ ಸರ್ಕಾರದ ಕೃಷಿ ನೀತಿಯ ಬಗ್ಗೆ ಮಾತು ಶುರುಮಾಡುತ್ತಾನೆ. ನಾನು ಎದ್ದು ಹೋಗಿ ಚಹಾ ಮಾಡಿಕೊಂಡೆ. ಚಹಾ ಬೇಕಿರಲಿಲ್ಲ. ಅವನು ಹೇಳಿದ್ದೆಲ್ಲ ಸರಿಯೇ ಇರಬಹುದು. ಆದರೆ ಆ ಮಾತು ಅಪ್ಪನದ್ದಲ್ಲ, ನಿನ್ನದು. ಇಂಥ ಕಥೆ ಈಗ ಬಹುಮಾನ ಪಡೆಯುತ್ತದೆ ಅಂತ ಯಾರೋ ನಿನಗೆ ಹೇಳಿದ್ದಾರೆ, ಅಲ್ವಾ? ತೆಗೆ ಅದನ್ನು. ದಲಾಲ ದರ ಹೇಳಿದಾಗ ಅಪ್ಪ ಏನು ಮಾಡಿದ, ಅಷ್ಟು ಬರೆ.

ಇನ್ನೆರಡು ಕಥೆಗಳು ಥ್ರಿಲ್ಲರ್ ಓಡುತ್ತೆ ಅಂತ ಬರೆದವು. ಅವುಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ಹಠದಿಂದ ಪೂರ್ತಿ ಓದಿದೆ, ಅಷ್ಟೇ.

ಇನ್ನೊಂದು ವಿಷಯ. ಇಷ್ಟುದ್ದದ ಕಾಗದದಲ್ಲಿ ಊರ ಮೇಷ್ಟ್ರು ಹೊಗಳಿದ್ದು, ಗೆಳೆಯರು ಹೊಗಳಿದ್ದು ಎಲ್ಲ ಇದೆ. ನಿಮ್ಮಪ್ಪ ಈ ಕಥೆ ಓದಿದರಾ? ಓದಲು ಬರದಿದ್ದರೆ ನೀನೇ ಓದಿ ಹೇಳು. ಹೇಗಿದೆ ಅಂತ ಮಾತ್ರ ಕೇಳಬೇಡ. ನಡುವೆ ಎದ್ದು ಹೋದರೆ ಯಾವ ಸಾಲಿಗೆ ಅಂತ ಗುರುತು ಹಾಕಿ ನನಗೆ ಕಳಿಸು.

ಮುನ್ನುಡಿ ಬರೆದುಕೊಡಿ ಅಂತ ಕೇಳಿದ್ದೀಯ. ಬರೆಯುವುದಿಲ್ಲ. ಬಿಡುಗಡೆಗೆ ಕರೆದರೆ ಬರುತ್ತೇನೆ, ವೇದಿಕೆಯ ಮೇಲೆ ಮಾತ್ರ ಕೂರಿಸಬೇಡ. ಪುಸ್ತಕ ದುಡ್ಡು ಕೊಟ್ಟೇ ತಗೋತೀನಿ.

ನಿನ್ನ,
ಧಾರವಾಡದ ಅಕ್ಕ