ಒಂದು ಅಡ್ಡಹೆಸರಿನ ಋಣ

ಕಳೆದ ಶನಿವಾರ ನಮ್ಮ ಮಾವನವರಿಗೆ 80 ತುಂಬಿತು. ಕೇಕು ಕತ್ತರಿಸುವ ಮೊದಲು ಅವರ ಕೈಗೆ ಒಂದು ಕಾಗದದ ಸುರುಳಿ ಕೊಟ್ಟೆವು, ಅವರ ಮನೆತನದ ವಂಶಾವಳಿ. ಬಿಚ್ಚಿ ಹಾಸಿದರೆ ಊಟದ ಮೇಜಿನ ಈ ತುದಿಯಿಂದ ಆ ತುದಿಗೆ ಬರುತ್ತದೆ. ಕೆಳಗೆ ನನ್ನ ಮಗಳ ಹೆಸರು, ಮೇಲ್ತುದಿಯಲ್ಲಿ 1371ನೇ ಇಸವಿ. ಸುರುಳಿಯ ಮೇಲೆ ಬರೆದದ್ದು ನನ್ನ ಕೈ. ಆದರೆ ಮೂರು ವರ್ಷಗಳಲ್ಲಿ ಇದಕ್ಕಾಗಿ ಎಷ್ಟು ಮಂದಿ ತಮ್ಮ ಹೊತ್ತು ಕೊಟ್ಟರು, ಕಣ್ಣು ನೋಯಿಸಿಕೊಂಡರು ಅನ್ನುವುದನ್ನು ಹೇಳದೆ ಸುಮ್ಮನಿರಲು ನನಗೆ ಆಗುತ್ತಿಲ್ಲ. ಅದಕ್ಕೇ ಈ ಬರಹ.

ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಇಂಗ್ಲೆಂಡಿನ ಯಾರ್ಕ್‌ಷೈರಿಗೆ ಬಂದು ಹದಿನಾರು ವರ್ಷವಾಯಿತು. ಗಂಡನ ಮನೆಯ ಅಡ್ಡಹೆಸರು ಮರ್ಗಟ್ರಾಯ್ಡ್. ಮೊದಲ ಸಲ ಫೋನಿನಲ್ಲಿ ಹೇಳಿದಾಗ ನಮ್ಮಜ್ಜಿ ಮೂರು ಸಲ ಕೇಳಿ, ಕೊನೆಗೆ "ಹೋಗಲಿ, ಮಂದಿ ಛಲೋ ಇದ್ದಾರಿಲ್ಲೋ" ಅಂದಿದ್ದಳು. ಮಂದಿ ಒಳ್ಳೆಯವರೇ.

ಮೊದಲ ಕೃತಜ್ಞತೆ ನಮ್ಮ ಅತ್ತೆಗೆ. ಈ ಹುಡುಕಾಟ ಶುರುಮಾಡಿದವರು ಅವರು. ಮೂರು ಚಳಿಗಾಲದ ಹಿಂದೆ ಅವರು ತೀರಿಕೊಂಡಾಗ ಕಪಾಟಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ಒಂದು ಮೋಟು ಪೆನ್ಸಿಲು, ನಾಲ್ಕಾರು ಪತ್ರ, ಅರ್ಧ ಬರೆದ ವಂಶಾವಳಿ. ತಾವು ಹುಟ್ಟಿದ ಮನೆಯದಲ್ಲ, ಗಂಡನ ಮನೆಯದು. ಹದಿನೆಂಟನೇ ಶತಮಾನದ ನೇಕಾರನೊಬ್ಬನ ಹೆಸರಿನ ಮೇಲೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಅಲ್ಲಿಗೇ ನಿಲ್ಲಿಸಿದ್ದರು. ಮಾವ ಆ ಡಬ್ಬಿಯನ್ನು ಮುಟ್ಟಲಿಲ್ಲ. ಆ ಚಳಿಗಾಲವಿಡೀ ಅವರು ಕಿಟಕಿಯ ಹತ್ತಿರ ಕೂತಿರುತ್ತಿದ್ದರು, ಚಹಾ ಆರಿಹೋಗುತ್ತಿತ್ತು. ಮಾತಿಗೆ ಎಳೆಯಲು ಏನೂ ಸಿಗದೆ ಒಂದು ಸಂಜೆ ನಾನೇ ಡಬ್ಬಿ ತಂದು ಅವರ ಮುಂದಿಟ್ಟು ಕೇಳಿದೆ: ಈ ಹೆಸರಿಗೆ ಏನು ಅರ್ಥ? ಅವರು ತಿಂಗಳ ನಂತರ ಮೊದಲ ಸಲ ಒಂದು ಪೂರ್ತಿ ವಾಕ್ಯ ಆಡಿದರು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಇಂಗ್ಲೆಂಡ್ ಗೆದ್ದ ವಿಲಿಯಂನ ಜೊತೆ ಸಮುದ್ರ ದಾಟಿದ ನಾರ್ಮನ್ ಸರದಾರರು ನಮ್ಮ ಹಿರಿಯರು, ಹಾಗೆಂದು ತಮ್ಮ ಅಜ್ಜ ಹೇಳುತ್ತಿದ್ದರು ಅಂದರು. ಗೋಡೆಯ ಮೇಲೆ ಆ ಹೆಸರಿನ ಲಾಂಛನ ಕೂಡ ತೂಗುಹಾಕಿದ್ದರು, ಪ್ರವಾಸಕ್ಕೆ ಹೋದಾಗ ಅಂಗಡಿಯೊಂದರಲ್ಲಿ ಕೊಂಡದ್ದು. ಇಂಗ್ಲೆಂಡಿನಲ್ಲಿ ಲಾಂಛನ ಒಬ್ಬ ವ್ಯಕ್ತಿಗೂ ಅವನ ಸಂತತಿಗೂ ಸೇರಿದ್ದು, ಅಡ್ಡಹೆಸರಿಗೆ ಸೇರಿದ್ದಲ್ಲ ಅನ್ನುವುದು ನನಗೆ ಆಮೇಲೆ ತಿಳಿಯಿತು. ಅದನ್ನು ಮಾವನಿಗೆ ಹೇಳುವುದಕ್ಕೆ ಆರು ತಿಂಗಳು ತಡೆದೆ.

ಸರದಾರರೆಂದ ಮೇಲೆ ದೊಡ್ಡ ದಾಖಲೆಗಳಲ್ಲೇ ಇರಬೇಕಲ್ಲ. ಮೊದಲ ವರ್ಷ ಪೂರ್ತಿ ಅಲ್ಲೇ ಕಳೆಯಿತು. ಆ ವಿಲಿಯಂ ಅರಸನಾಗಿ ಬರೆಸಿದ ಜಮೀನಿನ ಲೆಕ್ಕ, 1086ರ ಡೂಮ್ಸ್‌ಡೇ ಪುಸ್ತಕದಲ್ಲಿ ಇಲ್ಲ. ಅರಸನ ಖಜಾನೆಯ ಪೈಪ್ ಸುರುಳಿಗಳಲ್ಲಿ ಇಲ್ಲ. 1195ರಿಂದ ಜಮೀನಿನ ಒಪ್ಪಂದಗಳನ್ನು ಒಂದೇ ಚರ್ಮದ ಹಾಳೆಯ ಮೇಲೆ ಮೂರು ಸಲ ಬರೆದು, ಅಂಕುಡೊಂಕಾಗಿ ಕತ್ತರಿಸಿ, ಇಬ್ಬರು ಪಕ್ಷಗಾರರಿಗೆ ಒಂದೊಂದು ಕೊಟ್ಟು, 'ಪಾದ' ಅನ್ನುವ ಕೆಳಗಿನ ತುಂಡನ್ನು ಕೋರ್ಟಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಯಾರಾದರೂ ಖೊಟ್ಟಿ ಪತ್ರ ತಂದರೆ ಮೂರೂ ತುಂಡಿನ ಅಂಚು ಕೂಡುವುದಿಲ್ಲ. ಎಂಥ ಉಪಾಯ! ಆ 'ಪಾದ'ದ ತುಂಡುಗಳಲ್ಲೂ ನಮ್ಮ ಹೆಸರಿಲ್ಲ. ರಾತ್ರಿ ಮಗಳು ಮಲಗಿದ ಮೇಲೆ ನಾನು ಇಂಥ ಸುರುಳಿ, ತುಂಡುಗಳನ್ನು ನೋಡಲು ಸಾಧ್ಯವಾದದ್ದು ಹ್ಯೂಸ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಪಾಮರ್ ಮತ್ತು ಅವರ ಬಳಗದಿಂದ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಹಳೆಯ ಕೋರ್ಟ್ ಸುರುಳಿಗಳ ಲಕ್ಷಗಟ್ಟಲೆ ಫೋಟೊ ತೆಗೆದು, ಯಾರು ಬೇಕಾದರೂ ಪುಕ್ಕಟೆ ನೋಡುವಂತೆ ಅವರು ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ ನನ್ನಂಥವಳಿಗೆ ಅದು ದೊಡ್ಡ ದಾನ.

ದಾರಿ ತಿರುಗಿಸಿದವರು ಯಾರ್ಕ್‌ಷೈರಿನದೇ ಊರಾದ ಹ್ಯಾಲಿಫ್ಯಾಕ್ಸಿನ ಸಂಜೆ ತರಗತಿಯಲ್ಲಿ ಹಳೆಯ ಕೈಬರಹ ಕಲಿಸುವ ಒಬ್ಬ ನಿವೃತ್ತ ಶಿಕ್ಷಕಿ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮವರು ಸ್ವಂತ ಹಕ್ಕಿನ ಭೂಮಿ ಇದ್ದವರೆಂದು ಯಾಕೆ ಅಂದುಕೊಂಡಿದ್ದೀರಿ? ಮ್ಯಾನರ್ ಅಂದರೆ ಒಡೆಯನೊಬ್ಬನ ಜಹಗೀರು. ಅದರ ಅಡಿಯಾಳು ರೈತ ತನ್ನ ಹೊಲದ ಬಗ್ಗೆ ಅರಸನ ಕೋರ್ಟಿಗೆ ಹೋಗುವಂತಿರಲಿಲ್ಲ. ಅವನ ಸಾವು, ಜಗಳ, ಹೊಲದ ಕೈಬದಲು ಎಲ್ಲ ಒಡೆಯನ ಕೋರ್ಟಿನಲ್ಲೇ, ಒಡೆಯನ ಸುರುಳಿಯಲ್ಲೇ. ಹೀಗಾಗಿ ಬಡವರನ್ನು ಹುಡುಕಬೇಕಾದದ್ದು ಅಲ್ಲಿ.

ನಮ್ಮ ಅದೃಷ್ಟಕ್ಕೆ, ಮರ್ಗಟ್ರಾಯ್ಡರ ಸೀಮೆಯಾದ ಹ್ಯಾಲಿಫ್ಯಾಕ್ಸ್ ಸುತ್ತಲಿನ ಎಷ್ಟೋ ಹಳ್ಳಿಗಳು ವೇಕ್‌ಫೀಲ್ಡ್ ಮ್ಯಾನರಿಗೆ ಸೇರಿದ್ದವು. ಅದರ ಕೋರ್ಟ್ ಸುರುಳಿಗಳು 1274ರಿಂದ 1925ರವರೆಗೆ ಉಳಿದುಬಂದಿವೆ, ಈಗ ಲೀಡ್ಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. 1381ರಲ್ಲಿ ತಲೆಗಂದಾಯಕ್ಕೆ ರೊಚ್ಚಿಗೆದ್ದ ರೈತರು ಎಸೆಕ್ಸ್, ಹರ್ಟ್‌ಫರ್ಡ್‌ಷೈರ್ ಕಡೆ ಇಂಥ ಸುರುಳಿಗಳನ್ನು ರಾಶಿ ಹಾಕಿ ಸುಟ್ಟಿದ್ದರು. ತಮ್ಮ ಜೀತದ ಲೆಕ್ಕ ಇರುವುದೇ ಅದರಲ್ಲಿ ಅಂತ ಅವರಿಗೆ ಗೊತ್ತಿತ್ತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ವೇಕ್‌ಫೀಲ್ಡಿನವು ಉಳಿದದ್ದಕ್ಕೆ ಕೈಮುಗಿಯುತ್ತೇನೆ.

ಈಗ ಓದುವ ಪಾಡು. ಇಂಗ್ಲೆಂಡಿನ ಕೋರ್ಟ್ ದಾಖಲೆಗಳ ಭಾಷೆ ಪೂರ್ತಿಯಾಗಿ ಇಂಗ್ಲಿಷ್ ಆದದ್ದು 1733ರಲ್ಲಿ. ಅದಕ್ಕೂ ಹಿಂದಿನದು ಹೆಚ್ಚುಕಡಿಮೆ ಎಲ್ಲ ಲ್ಯಾಟಿನ್, ಅದೂ ಅರ್ಧ ನುಂಗಿದ ಲ್ಯಾಟಿನ್. ಬರೆಯುವವನು ಪದದ ತಲೆ ಬರೆದು ಬಾಲ ಬಿಡುತ್ತಾನೆ, ಮೇಲೊಂದು ಗೆರೆ ಎಳೆಯುತ್ತಾನೆ. ಎಂ, ಎನ್, ಯು, ಐ ಎಲ್ಲವೂ ಒಂದೇ ಥರದ ನೆಟ್ಟಗಿನ ಕಡ್ಡಿಗಳು. ಹತ್ತು ಕಡ್ಡಿ ಸಾಲಾಗಿ ನಿಂತರೆ ಯಾವುದು ಎಲ್ಲಿ ಮುಗಿಯಿತು ಅಂತ ತಿಳಿಯದು. ಎರಡು ತಿಂಗಳು ಒದ್ದಾಡಿ ಒಂದು ಭಾನುವಾರ ಅಪ್ಪನ ಮುಂದೆ ಫೋನಿನಲ್ಲಿ ಅತ್ತೇಬಿಟ್ಟೆ.

ನಮ್ಮದು ಕುಲಕರ್ಣಿ ಮನೆತನ. 1950ರ ಕಾಯ್ದೆಯಲ್ಲಿ ಮುಂಬೈ ಪ್ರಾಂತದ ಕುಲಕರ್ಣಿ ವತನ ರದ್ದಾಗುವವರೆಗೆ ನಮ್ಮಜ್ಜ ಊರಿನ ಹೊಲಮನೆಗಳ ಲೆಕ್ಕ ಬರೆದವರು. ರುಮಾಲಿನಲ್ಲಿ ಕಟ್ಟಿದ ಹಳೆಯ ದಫ್ತರ ಮೋಡಿ ಎಂಬ ಕೂಡುಬರಹದ ಹಳೆಯ ಲಿಪಿಯಲ್ಲಿತ್ತು, ಅಪ್ಪ ಅದನ್ನು ಓದಲು ಕಲಿತದ್ದು ಅಜ್ಜನ ತೊಡೆಯ ಮೇಲೆ ಕೂತು. ನಾನು ಕಳಿಸಿದ ಫೋಟೊವನ್ನು ಅವರು ಬಹಳ ಹೊತ್ತು ನೋಡಿದರು. ಲ್ಯಾಟಿನ್ನಿನ ಒಂದಕ್ಷರ ಬಾರದವರು. "ನೋಡವಾ, ಅಕ್ಷರ ಓದಲಿಕ್ಕೆ ಹೋಗಬ್ಯಾಡ. ಮೊದಲು ಬರದವನ ಕೈ ಓದು. ಗೊತ್ತಿದ್ದ ಒಂದು ಶಬ್ದ ಹಿಡಿ, ಅದರಾಗ ಅಂವ ಹೆಂಗ ಬಾಗಸ್ತಾನ, ಎಲ್ಲಿ ಲೇಖಣಿ ಎತ್ತತಾನ ನೋಡು. ಲೆಕ್ಕ ಬರೆಯೋವರು ಹೊಸಾ ಮಾತು ಬರೆಯೂದಿಲ್ಲ, ಹೇಳಿದ್ದನ್ನ ಹೇಳತಾರ" ಅಂದರು. ಮರುದಿನದಿಂದ ಹಾಗೇ ಮಾಡಿದೆ. ಅಂಕಿಗಳಿಂದ ಹಿಡಿದೆ, ದಂಡದ ಮೊತ್ತದಿಂದ ಹಿಡಿದೆ, ನಿಧಾನಕ್ಕೆ ಆ ಕೈ ಬಿಚ್ಚಿಕೊಂಡಿತು. ಅಪ್ಪಾ, ಈ ಸುರುಳಿಯಲ್ಲಿ ಅಜ್ಜನ ದಫ್ತರದ ಪಾಲೂ ಇದೆ.

ಕೈ ಓದಲು ಬಂದ ಮೇಲೂ ಮಾತು ತಿಳಿಯಬೇಕಲ್ಲ. ಲೀಡ್ಸಿನ ಒಂದು ಚರ್ಚಿನಲ್ಲಿರುವ ಮಂಗಳೂರು ಕಡೆಯ ಫಾದರ್ ಒಬ್ಬರು ಸೆಮಿನರಿಯಲ್ಲಿ ಕಲಿತ ಲ್ಯಾಟಿನ್ನನ್ನು ನನಗಾಗಿ ಮತ್ತೆ ತೆಗೆದರು. ಸುಮಾರು ಎರಡು ವರ್ಷ, ಪ್ರತಿ ಗುರುವಾರ ಸಂಜೆ ಒಂದು ಗಂಟೆ. ಸುರುಳಿಯ ಅಂಚಿನಲ್ಲಿ ಸಾಲು ಸಾಲಾಗಿ 'ಮಿಅ' ಅಂತ ಬರೆದಿರುತ್ತದೆ. "ಅದು ಮಿಸೆರಿಕೋರ್ಡಿಯಾ ಮಾರಾಯ್ತಿ, ಕರುಣೆ" ಅಂದರು ಫಾದರ್. ಒಡೆಯನ ಕರುಣೆಗೆ ಬಿದ್ದವನು ಅಂದರೆ ದಂಡ ಕಟ್ಟಬೇಕಾದವನು. ಬೇಲಿ ಮುರಿದವನು, ಕೋರ್ಟಿಗೆ ಬಾರದವನು, ಒಡೆಯನ ಗಿರಣಿ ಬಿಟ್ಟು ಬೇರೆ ಕಡೆ ಬೀಸಿಸಿದವನು, ಎಲ್ಲರೂ ಕರುಣೆಗೆ ಬಿದ್ದವರೇ. ಹೊಲ ಬಿಡುವವನು ಕೋರ್ಟಿನಲ್ಲಿ ಕಾರಭಾರಿಯ ಕೈಗೆ ಒಂದು ಕೋಲು ಕೊಡುತ್ತಾನೆ, ಕಾರಭಾರಿ ಅದೇ ಕೋಲನ್ನು ಹೊಸಬನ ಕೈಗೆ ದಾಟಿಸುತ್ತಾನೆ. ಹೊಲ ಕೈಬದಲಾಯಿತು. ಸುರುಳಿಯಲ್ಲಿ ಬರೆದುಕೊಂಡ ಆ ಸಾಲಿನ ನಕಲೇ ಅವನ ಪಟ್ಟಾ. ಈ ಥರದ ಹಿಡುವಳಿ 1926ರ ಜನವರಿ 1ರಂದು ರದ್ದಾಯಿತು, ವೇಕ್‌ಫೀಲ್ಡ್ ಸುರುಳಿಗಳು ಅದರ ಹಿಂದಿನ ವರ್ಷಕ್ಕೆ ನಿಲ್ಲುವುದು ಅದಕ್ಕೇ.

ತಾರೀಖು ಹಿಡಿಯಲು ಕಲಿಸಿದವರೂ ಫಾದರೇ. ಅಲ್ಲಿ ಇಸವಿ ಬರೆದಿರುವುದಿಲ್ಲ. ನಮ್ಮ ಶಾಸನಗಳ ಹಾಗೆ ಅರಸನ ಆಳ್ವಿಕೆಯ ವರ್ಷ, ಜೊತೆಗೆ ಹತ್ತಿರದ ಸಂತನ ಹಬ್ಬ. ಮೂರನೇ ಎಡ್ವರ್ಡನ 45ನೇ ವರ್ಷ ಅಂದರೆ 1371ರ ಜನವರಿ 25ರಿಂದ ಮುಂದಿನ ಜನವರಿ 24ರವರೆಗೆ.

ಆ 1371ರಲ್ಲೇ ನಮಗೆ ಬೇಕಾದವನು ಇದ್ದ. ವಾರ್ಲಿ ಅನ್ನುವ ಹಳ್ಳಿಗೆ ಕಾನ್‌ಸ್ಟೇಬಲ್ ಆಗಿ ಆಯ್ಕೆಯಾದ ಜಾನ್, 'ಮೊರ್ಗಟೆರಾಯ್ಡ್‌ನ' ಜಾನ್. ಕಾನ್‌ಸ್ಟೇಬಲ್ ಅಂದರೆ ಇವತ್ತಿನ ಪೊಲೀಸನಲ್ಲ. ಊರವರು ತಮ್ಮೊಳಗೇ ಆರಿಸಿದ ರೈತ. ಕಳ್ಳನ ಬೆನ್ನು ಹತ್ತಬೇಕು, ಊರಿನ ತಪ್ಪುಗಳನ್ನು ಕೋರ್ಟಿಗೆ ಒಪ್ಪಿಸಬೇಕು. ಲೀಡ್ಸಿನ ಓದುಕೋಣೆಯಲ್ಲಿ ಸಿಬ್ಬಂದಿಯ ಹುಡುಗಿ ಸುರುಳಿಯನ್ನು ಮೆತ್ತನೆಯ ದಿಂಬಿನ ಮೇಲೆ ಬಿಚ್ಚಿ, ಅಂಚು ಮೇಲೇಳದಂತೆ ಮಣಿಸರದಂಥ ತೂಕದ ದಾರ ಇಟ್ಟು, ನಾನು ಹುಡುಕುವಷ್ಟೂ ಹೊತ್ತು ಹತ್ತಿರವೇ ಇದ್ದಳು. ಹೆಸರು ಸಿಕ್ಕಾಗ ನನಗಿಂತ ಮೊದಲು ಅವಳ ಕಣ್ಣಲ್ಲಿ ನೀರು. ತಂಗೀ, ನಿನಗೆ ಕನ್ನಡ ಬಾರದು, ಆದರೂ ಇದು ನಿನಗೆ.

ಎಂಟು ವರ್ಷದ ನಂತರ, 1379ರ ತಲೆಗಂದಾಯದ ಪಟ್ಟಿ. ಹದಿನಾರು ದಾಟಿದವರೆಲ್ಲ ಕಟ್ಟಬೇಕು. ಸಾಮಾನ್ಯ ಗಂಡಹೆಂಡತಿಗೆ ಸೇರಿ ನಾಲ್ಕು ಪೆನ್ಸ್. ಅಲ್ಲಿಯೂ ಒಬ್ಬ ಜಾನ್ ಇದ್ದಾನೆ, ಕಾಗುಣಿತ 'ಮೆರ್ಗೆಟ್ರೋಡ್'. ಈ ಸಲ 'ನ' ಇಲ್ಲ, ಅಂದರೆ ಲ್ಯಾಟಿನ್ನಿನ 'ಡೆ' ಬಿದ್ದುಹೋಗಿದೆ. ಕರ ವಸೂಲಿಯವನು ಅವಸರಕ್ಕೆ ಬಿಟ್ಟನೋ ಏನೋ. ಆದರೆ ನಾನು ಆ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ರಾತ್ರಿ ಮಲಗಲಿಲ್ಲ. ಅಲ್ಲಿಯವರೆಗೆ ಅದು ಒಬ್ಬ ಮನುಷ್ಯನ ವಿಳಾಸ. ಇಲ್ಲಿ ಅವನ ಹೆಸರು.

ಎಲ್ಲಿಯ ವಿಳಾಸ? ಇದಕ್ಕೆ ಯಾರ್ಕ್‌ಷೈರಿನ ಹೆಸರುಗಳ ಅಧ್ಯಯನಕ್ಕೆ ಜೀವಮಾನ ಕೊಟ್ಟ, 2018ರಲ್ಲಿ ತೀರಿಕೊಂಡ ಜಾರ್ಜ್ ರೆಡ್ಮಂಡ್ಸ್ ಅವರನ್ನು ನೆನೆಯಬೇಕು. ಹೆಸರಿನ ಅರ್ಥವನ್ನು ನಿಘಂಟಿನಲ್ಲಿ ಹುಡುಕುವ ಮೊದಲು ಅದು ಹುಟ್ಟಿದ ಊರಿನ ಕಾಗದಪತ್ರದಲ್ಲಿ ಹುಡುಕಬೇಕೆಂಬ ಅವರ ಹಟವೇ ನಮಗೆ ದಾರಿ. 'ಮೂರ್' ಅಂದರೆ ಮರವಿಲ್ಲದ, ಗಾಳಿ ಬೀಸುವ ಎತ್ತರದ ಹುಲ್ಲುದಿಬ್ಬ. 'ಗೇಟ್' ಬಾಗಿಲಲ್ಲ. ಈ ಕಡೆಗೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯದವರ ಮಾತಿನಲ್ಲಿ ಅದು ದಾರಿ. ಲೀಡ್ಸಿನ ಬ್ರಿಗ್‌ಗೇಟ್, ಕರ್ಕ್‌ಗೇಟ್ ಬೀದಿಗಳಲ್ಲಿ ಇಂದಿಗೂ ಉಳಿದಿದೆ. 'ರಾಯ್ಡ್' ಅಂದರೆ ಕಾಡು ಕಡಿದು ಹಸನು ಮಾಡಿದ ನೆಲ. ಆಕ್ರಾಯ್ಡ್, ಹೋಲ್‌ರಾಯ್ಡ್, ಬೂತ್‌ರಾಯ್ಡ್ ಎಲ್ಲ ಈ ಸೀಮೆಯ ಅಂಥವೇ ಹೆಸರುಗಳು, ರೈಲಿನಲ್ಲಿ ಹೋಗುವಾಗ ಮೈಥಮ್‌ರಾಯ್ಡ್ ಅನ್ನುವ ನಿಲ್ದಾಣವೇ ಬರುತ್ತದೆ. ಹುಲ್ಲುದಿಬ್ಬದ ದಾರಿಯ ಪಕ್ಕದ ಹಸನು ನೆಲ. ಇದೇ ನಮ್ಮ ಮನೆಯ ಹೆಸರು. ಸರದಾರನಲ್ಲ, ಕೊಡಲಿ ಹಿಡಿದ ಒಬ್ಬ ಮನುಷ್ಯ.

ಮಾವನಿಗೆ ಬೇಜಾರಾದೀತು ಅಂತ ಅಂಜಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ಗೋಡೆಯ ಲಾಂಛನ ತೆಗೆದು, ಆ ಮೊಳೆಗೆ ಸುರುಳಿಯ ಫೋಟೊ ಹಾಕಲು ಗಂಡನಿಗೆ ಹೇಳಿದರು. "ಕೊಡಲಿಯವನೇ ಲೇಸು, ಅವನು ಏನೋ ಮಾಡಿದ" ಅಂದದ್ದು ಅವರದೇ ಮಾತು, ಕನ್ನಡ ನನ್ನದು.

ವಂಶಾವಳಿ ಪೂರ್ತಿ ಕೂಡಿಲ್ಲ. ಇದನ್ನು ಮುಚ್ಚಿಡಬಾರದು. ಹ್ಯಾಲಿಫ್ಯಾಕ್ಸ್ ಚರ್ಚಿನ ನಾಮಕರಣ ದಾಖಲೆ 1538ರಿಂದಲೇ ಇದೆ. ಆದರೆ ನಮ್ಮ ಎಳೆ ಹದಿನೇಳನೇ ಶತಮಾನದ ಮಧ್ಯದಲ್ಲಿ, ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದ ವರ್ಷಗಳಲ್ಲಿ ಕಡಿಯುತ್ತದೆ. ಆಗ ಅಲ್ಲಿ ಒಂದೇ ಹೆಸರಿನವರು ಮೂವರು. ಅದೇ ಕಾಲದಲ್ಲಿ ಜೇಮ್ಸ್ ಮರ್ಗಟ್ರಾಯ್ಡ್ ಅನ್ನುವ ಬಟ್ಟೆ ವ್ಯಾಪಾರಿ ಕೀತ್ಲಿ ಊರಿನ ಹತ್ತಿರ ಈಸ್ಟ್ ರಿಡಲ್ಸ್‌ಡನ್ ಹಾಲ್ ಎಂಬ ದೊಡ್ಡ ಮನೆ ಕಟ್ಟಿಸಿದ. ಅವನನ್ನೇ ಹಿರಿಯನೆಂದು ಹಾಕಿಬಿಡಿ ಅಂತ ಬಂಧುಗಳು ಹೇಳಿದರು. ಹಾಕಲಿಲ್ಲ. ಅಲ್ಲಿ ಚುಕ್ಕಿ ಚುಕ್ಕಿ ಗೆರೆ ಎಳೆದಿದ್ದೇನೆ. ದಫ್ತರದಲ್ಲಿ ಇಲ್ಲದ್ದನ್ನು ಬರೆದರೆ ಅಜ್ಜ ಒಪ್ಪುತ್ತಿರಲಿಲ್ಲ.

ಇನ್ನೂ ಕೆಲವರು. ನಾನು ಲೀಡ್ಸಿಗೆ ಹೋದ ದಿನಗಳಲ್ಲಿ ಮಗಳನ್ನು ಶಾಲೆಯಿಂದ ಕರೆತಂದು ಉಣಿಸಿದ ಕನ್ನಡ ಗೆಳತಿಯರು. ವಾರ್ಲಿಯಲ್ಲಿ ಅಪರಿಚಿತರಾದ ನಮ್ಮನ್ನು ತಮ್ಮ ಹೊಲದ ಅಂಚಿನಲ್ಲಿ ನಡೆಯಲು ಬಿಟ್ಟು, ಮಳೆ ಬಂದಾಗ ಒಳಗೆ ಕರೆದ ರೈತ ದಂಪತಿ. 1901ರಿಂದ ಈ ಸುರುಳಿಗಳ ಸಂಪುಟಗಳನ್ನು ಒಂದೊಂದಾಗಿ ಓದಿ ಅಚ್ಚು ಹಾಕಿಸಿದ ಯಾರ್ಕ್‌ಷೈರ್ ಪುರಾತತ್ವ ಸಂಘದವರು, ಮೊದಲ ಸಂಪುಟದ ವಿಲಿಯಂ ಪೇಲಿ ಬೈಲ್ಡನ್ ಮೊದಲುಗೊಂಡು. ಮತ್ತೆ, ವಾರ್ಲಿಯ ಜಾನನ ಹೆಸರನ್ನು ಹೆಬ್ಬಾತಿನ ಗರಿಯಲ್ಲಿ ಬರೆದ ಆ ಗುಮಾಸ್ತ. ತನ್ನ ಹೆಸರನ್ನು ಎಲ್ಲೂ ಬರೆದುಕೊಳ್ಳದವನು.

ಹುಟ್ಟುಹಬ್ಬದ ರಾತ್ರಿ ಎಲ್ಲರೂ ಹೋದ ಮೇಲೆ ಮಾವ ಸುರುಳಿಯನ್ನು ಮತ್ತೆ ಮೇಜಿನ ಮೇಲೆ ಹಾಸಲು ಹೇಳಿದರು. ಈಗ ಅವರಿಗೆ ಕಣ್ಣು ಮಂದ, ಬೆರಳಿಟ್ಟು ಅತ್ತೆಯ ಹೆಸರು ಎಲ್ಲಿದೆ ತೋರಿಸು ಅಂದರು. ಬಿಸ್ಕತ್ತಿನ ಡಬ್ಬಿಯಿಂದ ಆ ಮೋಟು ಪೆನ್ಸಿಲು ತೆಗೆದು, ಅವರ ಹೆಸರಿನ ಕೆಳಗೆ ದೊಡ್ಡ ದೊಡ್ಡ ಅಕ್ಷರದಲ್ಲಿ ನಿಧಾನವಾಗಿ ಬರೆದರು: ಇದನ್ನು ಶುರುಮಾಡಿದವಳು.